ಬಂದ ಮಾತನ್ನೂ ಬಿಟ್ಟಿರುವ ಮಗ: ಚಿಕಿತ್ಸೆಗಾಗಿ ಕೊಡಗು ಬಿಟ್ಟು ಮೈಸೂರಿಗೆ ಹೋಗಲೇಬೇಕೆ?

ಪ್ರಶ್ನೆ: ಚೇರಂಬಾಣೆ ಕಡೆಯ ತಾಯಿ

ಎಲ್ಲರಿಗೂ ನಮಸ್ಕಾರ. ನಮ್ಮ ಮಗನಿಗೆ ಈಗ ಎರಡು ವರ್ಷ ಎಂಟು ತಿಂಗಳು. ಒಂದೂವರೆ ವರ್ಷದ ಹೊತ್ತಿಗೆ ‘ಅವ್ವ’, ‘ಬಾ’, ‘ಅಜ್ಜಿ’ ಎನ್ನುತ್ತಿದ್ದವನು ಕ್ರಮೇಣ ಆ ಮಾತುಗಳನ್ನೂ ಬಿಟ್ಟಿದ್ದಾನೆ. ಹೆಸರು ಹಿಡಿದು ಕರೆದರೆ ತಿರುಗುವುದಿಲ್ಲ, ಆದರೆ ಪಕ್ಕದ ಕೋಣೆಯಲ್ಲಿ ಬಿಸ್ಕತ್ತಿನ ಪೊಟ್ಟಣ ಬಿಚ್ಚಿದ ಸದ್ದಿಗೆ ಓಡಿ ಬರುತ್ತಾನೆ. ನೀರು ಬೇಕಾದರೆ ನನ್ನ ಕೈ ಹಿಡಿದು ಕೊಡದ ಹತ್ತಿರ ಎಳೆದುಕೊಂಡು ಹೋಗುತ್ತಾನೆ, ಮುಖವನ್ನು ಮಾತ್ರ ನೋಡುವುದಿಲ್ಲ. ಕಣದಲ್ಲಿ ಕಾಫಿ ಒಣಗಲು ಹಾಕಿದಾಗ ಒಂದೊಂದೇ ಹಣ್ಣನ್ನು ಆರಿಸಿ ಕಣದ ಅಂಚಿನುದ್ದಕ್ಕೂ ಸಾಲಾಗಿ ಜೋಡಿಸುತ್ತಾ ಕೂರುತ್ತಾನೆ. ಯಾರದಾದರೂ ಕಾಲು ತಗುಲಿ ಸಾಲು ಕದಲಿದರೆ ನೆಲಕ್ಕೆ ಬಿದ್ದು ಬಹಳ ಹೊತ್ತು ಅಳುತ್ತಾನೆ. ಊಟಕ್ಕೆ ನೂಪುಟ್ಟು (ಅಕ್ಕಿಯ ಶ್ಯಾವಿಗೆ), ಬಿಳಿ ಅನ್ನ ಮತ್ತು ಮೊಸರು ಬಿಟ್ಟು ಬೇರೇನನ್ನೂ ಮುಟ್ಟುವುದಿಲ್ಲ.

ಮಕ್ಕಳ ವೈದ್ಯರು ಆಟಿಸಂನ ಲಕ್ಷಣಗಳಿವೆ, ವಿವರವಾದ ಪರೀಕ್ಷೆ ಮಾಡಿಸಿ ಎಂದಿದ್ದಾರೆ. ಮನೆಯ ಹಿರಿಯರದು ಬೇರೆಯೇ ಅಭಿಪ್ರಾಯ. ಗಂಡುಮಕ್ಕಳಿಗೆ ಮಾತು ತಡವೆಂದೂ, ಇವನ ಅಪ್ಪನಿಗೂ ನಾಲ್ಕನೆಯ ವರ್ಷದಲ್ಲಿಯೇ ಮಾತು ಬಂದದ್ದೆಂದೂ ಅತ್ತೆಯವರು ಹೇಳುತ್ತಾರೆ. ಮೊಬೈಲು ಕೊಟ್ಟು ಊಟ ಮಾಡಿಸಿದ್ದರಿಂದಲೇ ಹೀಗಾಯಿತು ಎನ್ನುವವರೂ ಇದ್ದಾರೆ. ನಗರದ ಒಂದು ಚಿಕಿತ್ಸಾ ಕೇಂದ್ರದವರು ಮನೆಯಲ್ಲಿ ಒಂದೇ ಭಾಷೆ ಇರಬೇಕು, ಅದು ಇಂಗ್ಲಿಷ್ ಆದರೆ ಒಳ್ಳೆಯದು ಎಂದರು. ನಮ್ಮ ಮನೆಯಲ್ಲಿ ಅತ್ತೆ, ಮಾವ ಮತ್ತು ನನ್ನ ಗಂಡ ಈ ಕಡೆಯ ಆಡುಮಾತಾದ ಅರೆಭಾಷೆ ಮಾತನಾಡುತ್ತಾರೆ. ಸೋಮವಾರಪೇಟೆ ಕಡೆಯವಳಾದ ನಾನು ಕನ್ನಡದವಳು, ತೋಟದ ಕೆಲಸಕ್ಕೆ ಬರುವವರ ಮಾತು ಮತ್ತೊಂದು. ಅತ್ತೆಯವರಿಗೆ ಇಂಗ್ಲಿಷ್ ಬಾರದು. ಹಾಗಾದರೆ ಅವರು ಮೊಮ್ಮಗನೊಡನೆ ಮಾತನಾಡುವುದನ್ನೇ ನಿಲ್ಲಿಸಬೇಕೆ?

ಮೈಸೂರಿನಲ್ಲಿ ಮನೆ ಮಾಡಿ ನಾನೂ ಮಗುವೂ ಅಲ್ಲಿಯೇ ಇರುವುದು, ಯಜಮಾನರು ತೋಟ ನೋಡಿಕೊಂಡು ವಾರಕ್ಕೊಮ್ಮೆ ಬಂದು ಹೋಗುವುದು ಎಂಬ ಯೋಚನೆಯೂ ನಡೆದಿದೆ. ಈ ದಾರಿಯಲ್ಲಿ ನಡೆದವರು, ಈ ಕೆಲಸ ಬಲ್ಲವರು ದಯವಿಟ್ಟು ತಿಳಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಉತ್ತರ 1: ವಾಕ್ ಚಿಕಿತ್ಸಕಿ, ಮಡಿಕೇರಿ

ಸಹೋದರಿ, ಕಾಯುವುದು ಬೇಡ. ಮಾತು ತಡವಾಗಿ ಬರುವ ಮಕ್ಕಳು ಇರುವುದು ನಿಜ. ಆದರೆ ಅಂತಹ ಮಗು ಬೆರಳು ಚಾಚಿ ತೋರಿಸುತ್ತದೆ, ಬೇಕಾದದ್ದನ್ನು ಕಣ್ಣಿನಲ್ಲಿಯೇ ಕೇಳುತ್ತದೆ, ಹೊಸದೊಂದನ್ನು ಕಂಡಾಗ ತಾನು ಕಂಡದ್ದನ್ನು ತಾಯಿಯೂ ಕಂಡಳೇ ಎಂದು ತಿರುಗಿ ನೋಡುತ್ತದೆ. ನೀವು ಬರೆದಿರುವುದರಲ್ಲಿ ಇವು ಕಾಣುತ್ತಿಲ್ಲ. ಅದಕ್ಕಿಂತ ಮುಖ್ಯವಾಗಿ, ಒಮ್ಮೆ ಬಂದ ಮಾತು ಹೋಗಿದೆ. ಯಾವ ವಯಸ್ಸಿನ ಮಗುವಿನಲ್ಲಿಯೇ ಆಗಲಿ, ಕಲಿತ ಮಾತು ಇಲ್ಲವಾದರೆ ಅದನ್ನು ತಡವೆಂದು ಬಿಟ್ಟುಬಿಡುವಂತಿಲ್ಲ. ಮಗುವಿನ ದೃಷ್ಟಿ ಕೆಲವು ಕ್ಷಣ ನೆಟ್ಟಂತಾಗುವುದು, ನಿದ್ದೆಯಲ್ಲಿ ಮೈ ಅದುರುವುದು ಇಂತಹವನ್ನು ಕಂಡಿದ್ದರೆ ವೈದ್ಯರಿಗೆ ತಪ್ಪದೆ ಹೇಳಿ. ಆಟಿಸಂ ಇರುವ ಮಕ್ಕಳಲ್ಲಿ ಮೂರ್ಛೆರೋಗ ಇತರ ಮಕ್ಕಳಿಗಿಂತ ಹೆಚ್ಚು.

ಮೊದಲು ಶ್ರವಣ ಪರೀಕ್ಷೆ ಆಗಲಿ. ಪೊಟ್ಟಣದ ಸದ್ದು ಕೇಳಿಸುತ್ತದೆ ಎಂದ ಮಾತ್ರಕ್ಕೆ ಮಾತಿನ ಎಲ್ಲ ಧ್ವನಿಗಳೂ ಕೇಳಿಸುತ್ತವೆ ಎಂದಾಗುವುದಿಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ, ಅಂದರೆ ನಾವೆಲ್ಲ ಆಯಿಷ್ ಎನ್ನುವ ಕೇಂದ್ರ ಸರ್ಕಾರದ ಸಂಸ್ಥೆಯಲ್ಲಿ, ಶ್ರವಣ, ಮಾತು, ಮನೋವಿಜ್ಞಾನ ಈ ಎಲ್ಲ ತಪಾಸಣೆಗಳೂ ಒಂದೇ ಆವರಣದಲ್ಲಿ ದೊರೆಯುತ್ತವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗವಿದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಆರಂಭವಾದ ಮೇಲೆ ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಬಾರಿ ವೈದ್ಯಕೀಯ ತಂಡ ಬರಬೇಕೆಂಬ ನಿಯಮವಿದೆ. ಆ ತಂಡದವರು ಅಥವಾ ನಿಮ್ಮ ಆಶಾ ಕಾರ್ಯಕರ್ತೆ ಬರೆದುಕೊಟ್ಟರೆ ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸಿ ನೆರವಾಗುವ ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರದಲ್ಲಿ ತಪಾಸಣೆ ಉಚಿತವಾಗಿ ಆಗುತ್ತದೆ. ಮಡಿಕೇರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಇದನ್ನು ವಿಚಾರಿಸಿ, ಮೈಸೂರಿನ ಸರದಿ ಬರುವವರೆಗೆ ಸುಮ್ಮನೆ ಕೂರಬೇಡಿ.

ಭಾಷೆಯ ವಿಷಯದಲ್ಲಿ ನಿಮಗೆ ಸಿಕ್ಕಿರುವ ಸಲಹೆಯನ್ನು ನಾನು ಒಪ್ಪುವುದಿಲ್ಲ. ಎರಡು ಮೂರು ಭಾಷೆಗಳ ನಡುವೆ ಬೆಳೆದ ಆಟಿಸಂ ಮಕ್ಕಳನ್ನೂ ಒಂದೇ ಭಾಷೆಯ ಮನೆಯಲ್ಲಿ ಬೆಳೆದವರನ್ನೂ ಹೋಲಿಸಿ ನೋಡಿದ ಅಧ್ಯಯನಗಳು ಹಲವು ದೇಶಗಳಲ್ಲಿ ನಡೆದಿವೆ. ಹೆಚ್ಚು ಭಾಷೆಗಳಿಂದ ಮಾತು ಮತ್ತಷ್ಟು ಹಿಂದೆ ಬೀಳುತ್ತದೆ ಎಂಬುದಕ್ಕೆ ಅವುಗಳಲ್ಲಿ ಆಧಾರ ಸಿಕ್ಕಿಲ್ಲ. ಮಗುವಿಗೆ ಮಾತು ಹುಟ್ಟುವುದು ಅದನ್ನು ಅಕ್ಕರೆಯಿಂದ, ತಡವರಿಸದೆ, ದಿನವಿಡೀ ಆಡುವ ಬಾಯಿಂದ. ಅರೆಭಾಷೆಯಲ್ಲಿ ಮೊಮ್ಮಗನನ್ನು ರಮಿಸಬಲ್ಲ ಅಜ್ಜಿಯನ್ನು ಮೌನಿಯಾಗಿಸಿ, ನಿಮಗೂ ಸಹಜವಲ್ಲದ ಇಂಗ್ಲಿಷಿನ ನಾಲ್ಕು ಆಜ್ಞೆಗಳನ್ನು ಅವನಿಗೆ ಉಳಿಸಿದರೆ ಅವನ ಕಿವಿಗೆ ಬೀಳುವ ಮಾತೇ ಕಡಿಮೆಯಾಗುತ್ತದೆ. ನಾಳೆ ಅವನು ಬಾಳಬೇಕಾದದ್ದು ಆ ಮನೆಯಲ್ಲಿ, ಆ ಊರಿನಲ್ಲಿ. ಅಜ್ಜಿ ಅರೆಭಾಷೆಯಲ್ಲಿಯೇ ಮಾತನಾಡಲಿ, ನೀವು ಕನ್ನಡದಲ್ಲಿ ಮಾತನಾಡಿ. ಅವನ ದಿನನಿತ್ಯದ ಹತ್ತಾರು ಪದಗಳನ್ನು ಮಾತ್ರ, ಅಂದರೆ ನೀರು, ಬೇಕು, ಬೇಡ, ಮುಗಿಯಿತು, ಎತ್ತಿಕೋ ಇಂತಹವನ್ನು, ಪ್ರತಿಯೊಬ್ಬರೂ ಸದಾ ಒಂದೇ ರೀತಿಯಲ್ಲಿ ಹೇಳುವಂತೆ ಮನೆಯವರೆಲ್ಲ ಮಾತನಾಡಿಕೊಂಡರೆ ಸಾಕು.

ಮೊಬೈಲಿನಿಂದ ಆಟಿಸಂ ಬರುವುದಿಲ್ಲ. ಈಚೆಗೆ ‘ವರ್ಚುವಲ್ ಆಟಿಸಂ’ ಎಂಬ ಹೆಸರು ಬಹಳ ಕೇಳಿಬರುತ್ತಿದೆ, ಆದರೆ ಅದು ರೋಗನಿರ್ಣಯದ ಪಟ್ಟಿಗಳಲ್ಲಿ ಇಲ್ಲ. ಆಟಿಸಂ ಮಿದುಳು ಬೆಳೆಯುವ ಬಗೆಯಲ್ಲಿರುವ ವ್ಯತ್ಯಾಸ, ಅದರಲ್ಲಿ ಅನುವಂಶೀಯತೆಯ ಪಾಲು ದೊಡ್ಡದು. ಹಾಗೆಂದು ಮೊಬೈಲು ನಿರಪಾಯಕಾರಿಯೂ ಅಲ್ಲ, ಅದು ಮುಖ ನೋಡಿ ಆಡುವ ಹೊತ್ತನ್ನು ಕಸಿದುಕೊಳ್ಳುತ್ತದೆ. ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಊಟದ ಹೊತ್ತಿನಿಂದ ಅದನ್ನು ಮೆಲ್ಲಗೆ ತೆಗೆಯಿರಿ, ಆದರೆ ಹಿಂದೆ ಕೊಟ್ಟಿದ್ದಕ್ಕಾಗಿ ನಿಮ್ಮನ್ನು ಯಾರೂ ದೂರಲು ಬಿಡಬೇಡಿ.

ಇನ್ನು ಮೈಸೂರಿನ ಮಾತು. ತಪಾಸಣೆಗೆ ಹೋಗಿ, ಅಲ್ಲಿಯವರು ಹೇಳಿದ ಅವಧಿಗೆ ಮರುಪರಿಶೀಲನೆಗೂ ಹೋಗಿ. ಮಕ್ಕಳ ಪಾಲಕರಿಗೆ ಅಲ್ಲಿ ಕಲಿಸುವುದನ್ನು ಚೆನ್ನಾಗಿ ಕಲಿತುಕೊಂಡು ಬನ್ನಿ. ಆದರೆ ಮನೆಯನ್ನೇ ಒಡೆದು ಎರಡು ಮಾಡುವ ಮೊದಲು ಒಂದು ಲೆಕ್ಕ ಹಾಕಿ ನೋಡಿ. ವಾರದಲ್ಲಿ ಕೆಲವು ಗಂಟೆಗಳ ಥೆರಪಿಗಾಗಿ ಮಗು ಅಪ್ಪ, ಅಜ್ಜ, ಅಜ್ಜಿ, ಅಂಗಳ ಮತ್ತು ಕಣ ಎಲ್ಲವನ್ನೂ ಕಳೆದುಕೊಳ್ಳುತ್ತದೆ. ನೀವು ಬಾಡಿಗೆ ಮನೆಯಲ್ಲಿ ಒಬ್ಬರೇ ಹಗಲು ರಾತ್ರಿ ಅವನನ್ನು ನೋಡಿಕೊಳ್ಳಬೇಕಾಗುತ್ತದೆ. ಗೋವಾದಲ್ಲಿ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ನಡೆದ ಒಂದು ಪ್ರಯೋಗದ ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ತಜ್ಞರಲ್ಲದ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಗೆ ಹೋಗಿ, ತಂದೆ ತಾಯಿ ಮಗುವಿನೊಡನೆ ಆಡುವುದನ್ನು ವಿಡಿಯೊ ಮಾಡಿ, ಅದನ್ನು ಅವರೊಡನೆ ಕುಳಿತು ನೋಡುತ್ತಾ ಮಗುವಿಗೆ ಯಾವಾಗ ಹೇಗೆ ಸ್ಪಂದಿಸಬೇಕೆಂದು ಕಲಿಸಿದರು. ಮಕ್ಕಳು ತಾವಾಗಿ ಸಂವಹನ ಆರಂಭಿಸುವುದು ಅಲ್ಲಿ ಹೆಚ್ಚಿತು. ಎಲ್ಲ ತೊಂದರೆಗಳೂ ಅದರಿಂದ ನೀಗಲಿಲ್ಲ, ಆದರೆ ತಜ್ಞರು ವಿರಳವಾಗಿರುವ ನಮ್ಮಂತಹ ಜಿಲ್ಲೆಗೆ ಅದು ಬಹಳ ಬೆಲೆಯುಳ್ಳ ತಿಳಿವಳಿಕೆ.

ಅದು ಹೇಗಿರುತ್ತದೆ ಎಂಬುದನ್ನು ನಿಮ್ಮ ಮನೆಯ ಸಂದರ್ಭದಲ್ಲಿಯೇ ಹೇಳುತ್ತೇನೆ. ಅವನು ನಿಮ್ಮ ಕೈ ಹಿಡಿದು ಕೊಡದ ಹತ್ತಿರ ಕರೆದೊಯ್ಯುತ್ತಾನಲ್ಲವೇ, ಅದೇ ಅವನ ಮಾತು, ಅಲ್ಲಿಂದಲೇ ಹೊರಡೋಣ. ಲೋಟಕ್ಕೆ ನೀರು ಬಗ್ಗಿಸಿ, ಅವನ ಮುಖದ ಮಟ್ಟಕ್ಕೆ ಕುಕ್ಕರಗಾಲಿನಲ್ಲಿ ಕೂತು, ಲೋಟವನ್ನು ನಿಮ್ಮ ಗಲ್ಲದ ಹತ್ತಿರ ಹಿಡಿದು, ಒಂದೇ ಒಂದು ಸಲ ‘ನೀರು’ ಎನ್ನಿ. ಆಮೇಲೆ ಸುಮ್ಮನಿರಿ. ಒಂದು ದೀರ್ಘ ಉಸಿರಿನಷ್ಟು ಹೊತ್ತು ಸುಮ್ಮನಿರುವುದು ತಾಯಂದಿರಿಗೆ ಅತ್ಯಂತ ಕಷ್ಟದ ಕೆಲಸವೆಂದು ನನಗೆ ಗೊತ್ತು, ಆದರೂ ಇರಿ. ಆ ಹೊತ್ತಿನಲ್ಲಿ ಅವನು ಅರೆಕ್ಷಣ ಕಣ್ಣೆತ್ತಿದರೂ, ಏನೋ ಒಂದು ಸದ್ದು ಮಾಡಿದರೂ, ಲೋಟ ಮುಟ್ಟಿದರೂ ಅದನ್ನು ಮಾತೆಂದೇ ಎಣಿಸಿ, ಮತ್ತೆ ‘ನೀರು’ ಎನ್ನುತ್ತಾ ಕೊಟ್ಟುಬಿಡಿ. ಏನೂ ಮಾಡದಿದ್ದರೂ ಕೊಡಿ. ಹೇಳಿದರೆ ಮಾತ್ರ ನೀರು ಎಂದು ಬಾಯಾರಿದ ಮಗುವನ್ನು ಸತಾಯಿಸಬಾರದು.

ಕಾಫಿ ಹಣ್ಣಿನ ಸಾಲನ್ನು ನಿಲ್ಲಿಸುವ ಪ್ರಯತ್ನ ಬೇಡ. ಅವನ ಪಕ್ಕದಲ್ಲಿ, ತುಸು ಎದುರಿಗೆ ಬರುವಂತೆ ಕೂತು, ನಿಮ್ಮದೇ ಹಣ್ಣುಗಳಿಂದ ನಿಮ್ಮದೇ ಒಂದು ಸಾಲು ಮಾಡಿ. ಅವನ ಸಾಲನ್ನು ಮುಟ್ಟಬೇಡಿ. ಅವನು ಹಣ್ಣು ಇಟ್ಟಾಗ ನೀವೂ ಇಡಿ, ಅವನು ನಿಲ್ಲಿಸಿದಾಗ ನೀವೂ ನಿಲ್ಲಿಸಿ. ತನ್ನನ್ನು ಯಾರೋ ಅನುಕರಿಸುತ್ತಿದ್ದಾರೆ ಎಂಬುದು ಬಹುತೇಕ ಮಕ್ಕಳ ಗಮನಕ್ಕೆ ಬಂದೇ ಬರುತ್ತದೆ. ಅವನು ನಿಮ್ಮತ್ತ ನೋಡಿದಾಗ ಅಂಗೈಯಲ್ಲಿ ಒಂದು ಹಣ್ಣನ್ನು ಅವನಿಗೆ ನೀಡಿ ‘ತಗೋ’ ಎನ್ನಿ. ಅಲ್ಲಿಂದ ಕೊಡು, ತಗೋ ಎಂಬ ಆಟ ಬೆಳೆಯುತ್ತದೆ. ಇದು ಯಾವ ಬಣ್ಣ, ಅದು ಏನು, ಎಷ್ಟಿವೆ ಎಂದು ಪರೀಕ್ಷೆ ಮಾಡುವ ಪ್ರಶ್ನೆಗಳನ್ನು ಸದ್ಯಕ್ಕೆ ಪೂರ್ತಿ ಬಿಟ್ಟುಬಿಡಿ. ಮಾಡುತ್ತಿರುವುದನ್ನು ಒಂದೆರಡು ಪದಗಳಲ್ಲಿ ಹೇಳುವುದೇ ಸಾಕು. ಇದನ್ನು ಅಪ್ಪನೂ ಅಜ್ಜಿಯೂ ಮಾಡಬೇಕು, ಒಬ್ಬರ ಮೇಲೆಯೇ ಬೀಳಬಾರದು. ಮಗುವಿನ ದಿನದಲ್ಲಿ ಸ್ನಾನ, ಊಟ, ಬಟ್ಟೆ, ಅಂಗಳ ಎಂದು ಇಂತಹ ಸಂದರ್ಭಗಳು ಎಷ್ಟೋ ಬರುತ್ತವೆ. ಯಾವ ಕೇಂದ್ರವೂ ಅಷ್ಟು ಸಂದರ್ಭಗಳನ್ನು ಕೊಡಲಾರದು.

ಚಿತ್ರಗಳನ್ನು ತೋರಿಸಿ ಕೇಳುವುದನ್ನು ಕಲಿಸಿದರೆ ಮಗು ಮಾತನಾಡದೆ ಸೋಮಾರಿಯಾಗುತ್ತದೆ ಎಂದು ಯಾರಾದರೂ ಹೆದರಿಸಿದರೆ ನಂಬಬೇಡಿ. ನಿಮ್ಮ ಮನೆಯ ಕೊಡ, ತಟ್ಟೆ, ಚಪ್ಪಲಿ, ಕಣ ಇವುಗಳದ್ದೇ ಛಾಯಾಚಿತ್ರಗಳನ್ನು ಮುದ್ರಿಸಿ ಗೋಡೆಯಲ್ಲಿ ಅವನ ಕೈಗೆಟುಕುವಲ್ಲಿ ಅಂಟಿಸಿ. ಕೇಳುವ ದಾರಿಯೊಂದು ಸಿಕ್ಕ ಮಗುವಿನ ಅಳು ತಗ್ಗುತ್ತದೆ. ಚಿತ್ರಗಳಿಂದ ಮಾತು ಹಿಂದೆ ಬೀಳುವುದಿಲ್ಲ, ಹಲವು ಮಕ್ಕಳಲ್ಲಿ ಅದು ಮಾತಿಗೆ ನೆರವೇ ಆಗುತ್ತದೆ.

ಉತ್ತರ 2: ಪೊನ್ನಂಪೇಟೆ ತಾಲ್ಲೂಕಿನ ತಾಯಿ

ನನ್ನ ಮಗಳಿಗೆ ಒಂಬತ್ತು ವರ್ಷ. ಹೆಣ್ಣುಮಗು, ಸೌಮ್ಯ ಸ್ವಭಾವ, ನಾಚಿಕೆ ಜಾಸ್ತಿ ಎಂದೇ ನೆಂಟರಿಷ್ಟರು ಹೇಳುತ್ತಾ ಬಂದರು, ಆಟಿಸಂ ಎಂದು ಖಚಿತವಾದದ್ದು ಶಾಲೆಗೆ ಸೇರಿದ ಮೇಲೆ. ಆಟಿಸಂ ಗುರುತಿಸಲ್ಪಡುವುದು ಗಂಡುಮಕ್ಕಳಲ್ಲಿ ಮೂರು ನಾಲ್ಕು ಪಟ್ಟು ಹೆಚ್ಚು. ಅದರಿಂದಲೇ ಹೆಣ್ಣುಮಕ್ಕಳ ವಿಷಯದಲ್ಲಿ ಅನುಮಾನವೂ ತಡವಾಗಿ ಹುಟ್ಟುತ್ತದೆ. ಇದನ್ನು ಓದುತ್ತಿರುವ ಹೆಣ್ಣುಮಕ್ಕಳ ತಾಯಂದಿರಿಗಾಗಿ ಈ ಮಾತು.

ವಾಕ್ ಚಿಕಿತ್ಸಕಿಯವರು ಮಾತಿನ ವಿಷಯವನ್ನು ಬಹಳ ಚೆನ್ನಾಗಿ ಹೇಳಿದ್ದಾರೆ. ನಾನು ಕೊಡಗಿನಲ್ಲಿ ಇಂತಹ ಮಗುವನ್ನು ಸಾಕುವವರು ಮೊದಲು ಯೋಚಿಸಬೇಕಾದ ಎರಡು ಸಂಗತಿಗಳನ್ನು ಸೇರಿಸುತ್ತೇನೆ, ನೀರು ಮತ್ತು ಸದ್ದು.

ಆಟಿಸಂ ಇರುವ ಎಷ್ಟೋ ಮಕ್ಕಳು ಯಾರಿಗೂ ಹೇಳದೆ ಹೊರಟುಬಿಡುತ್ತಾರೆ, ಹಾಗೆ ಹೊರಟವರನ್ನು ನೀರು ಬಹಳವಾಗಿ ಸೆಳೆಯುತ್ತದೆ. ಹೀಗೆ ಹೊರಟ ಮಕ್ಕಳ ಸಾವಿಗೆ ಮುಖ್ಯ ಕಾರಣ ನೀರಿನಲ್ಲಿ ಮುಳುಗುವುದು ಎಂದು ಬೇರೆ ದೇಶಗಳಲ್ಲಿ ನಡೆದ ಅಧ್ಯಯನಗಳು ತೋರಿಸಿವೆ. ನಮ್ಮಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ತಪ್ಪಿದರೆ ಸ್ಪ್ರಿಂಕ್ಲರ್ ಹಾಕಲೆಂದು ತೋಟಕ್ಕೊಂದು ಕೆರೆ ಇದ್ದೇ ಇರುತ್ತದೆ, ಹೆಚ್ಚಿನವುಗಳಿಗೆ ಬೇಲಿಯೇ ಇರುವುದಿಲ್ಲ. ನಿಮ್ಮ ತೋಟದ ಕೆರೆಗೆ ಈ ಮಳೆಗಾಲಕ್ಕೆ ಮೊದಲೇ ಬೇಲಿ ಹಾಕಿಸಿ, ಥೆರಪಿಯ ಖರ್ಚಿಗಿಂತ ಮೊದಲು ಆ ಖರ್ಚು ಆಗಲಿ. ಬಾಗಿಲ ಅಗಳಿಯನ್ನು ಅವನ ಕೈಗೆ ಎಟುಕದಷ್ಟು ಮೇಲೆ ಹಾಕಿಸಿ, ಬಾಗಿಲು ತೆರೆದರೆ ಕೇಳುವಂತೆ ಗೆಜ್ಜೆ ಕಟ್ಟಿ. ತೋಟದ ಕೆಲಸಗಾರರ ಲೈನ್‌ಮನೆಯವರಿಗೆಲ್ಲ ಮಗುವನ್ನು ತೋರಿಸಿ, ಒಬ್ಬನೇ ಕಂಡರೆ ಕರೆದು ಕೂಗುವ ಬದಲು ಕೈ ಹಿಡಿದು ಕರೆತರಬೇಕೆಂದು ಹೇಳಿ, ಏಕೆಂದರೆ ಹೆಸರು ಕೂಗಿದರೆ ಅವನು ನಿಲ್ಲುವುದಿಲ್ಲ. ಮಗು ಕಾಣದಿದ್ದರೆ ಮನೆಯೊಳಗೆ ಹುಡುಕುತ್ತಾ ಹೊತ್ತು ಕಳೆಯದೆ, ಒಬ್ಬರು ನೇರವಾಗಿ ಕೆರೆಯ ಕಡೆಗೆ ಓಡಬೇಕು. ಇದು ಮನೆಯಲ್ಲಿ ಮೊದಲೇ ತೀರ್ಮಾನವಾಗಿರಲಿ. ಆನೆ ಓಡಾಡುವ ಭಾಗವಾದರೆ ಮುಂಜಾನೆ ಮತ್ತು ಮುಸ್ಸಂಜೆಯ ಎಚ್ಚರವನ್ನು ನಾನು ಹೇಳಬೇಕಾಗಿಲ್ಲ.

ಸದ್ದಿನ ಮಾತು. ನಮ್ಮ ಜಿಲ್ಲೆಯಲ್ಲಿ ಸಂತೋಷಕ್ಕೂ ಗುಂಡು ಹಾರುತ್ತದೆ, ದುಃಖಕ್ಕೂ ಹಾರುತ್ತದೆ. ಆಯುಧ ಪೂಜಿಸುವ ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ, ಸುಗ್ಗಿ ಹಬ್ಬವಾದ ಪುತ್ತರಿಯಲ್ಲಿ ಕದಿರು ತೆಗೆಯುವಾಗ ಗುಂಡು ಮತ್ತು ಪಟಾಕಿ, ಮಡಿಕೇರಿ ದಸರಾದಲ್ಲಿ ರಾತ್ರಿಯಿಡೀ ಮಂಟಪಗಳ ಧ್ವನಿವರ್ಧಕ. ಇವು ಯಾವುವೂ ನಿಲ್ಲುವಂಥವಲ್ಲ, ನಿಲ್ಲಬೇಕೆಂದು ನಾನು ಹೇಳುವುದೂ ಇಲ್ಲ, ನಮ್ಮ ಹಬ್ಬಗಳು ನಮಗೆ ಬೇಕು. ಆದರೆ ನನ್ನ ಮಗಳಿಗೆ ಹಠಾತ್ತನೆ ಬರುವ ಸದ್ದು ಮೈಗೆ ನೋವಾದಂತೆಯೇ ಆಗುತ್ತದೆ. ಪುತ್ತರಿಯ ರಾತ್ರಿ ನಮ್ಮ ಐನ್‌ಮನೆಯಲ್ಲಿ, ಅಂದರೆ ಕುಟುಂಬದ ಮೂಲಮನೆಯಲ್ಲಿ, ಈಗ ಒಂದು ಪದ್ಧತಿ ಬೆಳೆದಿದೆ. ಗುಂಡು ಹಾರಿಸುವ ಮೊದಲು ಅವಳ ದೊಡ್ಡಪ್ಪ ನಮ್ಮ ಕಡೆ ತಿರುಗಿ ಕೈ ಎತ್ತುತ್ತಾರೆ. ಅವಳು ಕಿವಿಗೆ ಹೆಡ್‌ಫೋನಿನಂತಹ ದಪ್ಪ ಮುಚ್ಚಳ ಹಾಕಿಕೊಂಡು ನನ್ನ ಸೊಂಟಕ್ಕೆ ಮುಖ ಒತ್ತಿ ನಿಲ್ಲುತ್ತಾಳೆ. ಸದ್ದು ಮುಗಿದ ಮೇಲೆ ಮುಚ್ಚಳ ತೆಗೆದು ಎಲ್ಲರ ಜೊತೆ ‘ಪೊಲಿ ಪೊಲಿ ದೇವಾ’ ಎಂದು ಕೂಗುತ್ತಾಳೆ. ಯಾವಾಗ ಸದ್ದಾಗುತ್ತದೆ ಎಂಬುದು ತಿಳಿದಿದ್ದರೆ ಅವಳು ತಡೆದುಕೊಳ್ಳಬಲ್ಲಳು. ಕಿವಿ ಮುಚ್ಚುವ ಆ ಸಾಧನ ದುಬಾರಿಯದಲ್ಲ. ಶೀಟಿನ ಮಾಡಿನ ಮೇಲೆ ಜುಲೈ ತಿಂಗಳ ಮಳೆ ಸುರಿಯುವಾಗಲೂ ಅದು ಬೇಕಾಗುತ್ತದೆ.

ಊಟದ ವಿಷಯದಲ್ಲಿ ಬಲವಂತ ಬೇಡ. ಬಿಳಿಯ ನೂಪುಟ್ಟಿನ ಜೊತೆ ಮುಂದೆ ಕಡುಬು, ಆಮೇಲೆ ಅದೇ ಕಡುಬಿನ ತಟ್ಟೆಯ ಅಂಚಿನಲ್ಲಿ ಬೇರೆ ಬಣ್ಣದ ಒಂದು ಚೂರು, ತಿನ್ನಲೇಬೇಕೆಂಬ ಒತ್ತಾಯವಿಲ್ಲದೆ ಇರಲಿ. ತೂಕ ಇಳಿಯುತ್ತಿದ್ದರೆ ಮಾತ್ರ ವೈದ್ಯರನ್ನು ಕಾಣಿ.

ಕೊನೆಗೆ ನಿಮ್ಮ ನಿದ್ದೆ. ಇಂತಹ ಮಕ್ಕಳಲ್ಲಿ ನಿದ್ದೆಯ ತೊಂದರೆ ಸಾಮಾನ್ಯ, ಅದರ ಭಾರವೆಲ್ಲ ತಾಯಿಯ ಮೇಲೆ ಬೀಳುತ್ತದೆ. ವಾರದಲ್ಲಿ ಕೆಲವು ರಾತ್ರಿ ಮಗುವನ್ನು ಅಪ್ಪ ಮಲಗಿಸಲಿ. ಮೈಸೂರಿಗೆ ಹೋದರೆ ಆ ಕೈಯೂ ಇಲ್ಲವಾಗುತ್ತದೆ ಎಂಬುದನ್ನು ಮರೆಯಬೇಡಿ.

ಉತ್ತರ 3: ಕುಶಾಲನಗರದ ತಂದೆ

ನಾನು ಕಾಗದಪತ್ರಗಳ ವಿಷಯ ಬರೆಯುತ್ತೇನೆ, ಏಕೆಂದರೆ ಇದನ್ನು ಯಾರೂ ಒಂದೇ ಕಡೆ ಹೇಳುವುದಿಲ್ಲ, ಒಂದೊಂದು ಕಚೇರಿಯಲ್ಲಿ ಒಂದೊಂದು ತುಂಡು ತಿಳಿಯುತ್ತದೆ.

2016ರ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವಿಕಲತೆಗಳನ್ನು ಗುರುತಿಸುತ್ತದೆ, ಆಟಿಸಂ ಅವುಗಳಲ್ಲಿ ಒಂದು. ಪ್ರಮಾಣಪತ್ರಕ್ಕಾಗಿ ನಮ್ಮ ದೇಶದಲ್ಲಿ ಬಳಸುವ ಅಳತೆಗೋಲಿಗೆ ಐಸಾ ಎನ್ನುತ್ತಾರೆ. ಅದರಲ್ಲಿ 40 ಅಂಶಗಳಿದ್ದು, ಒಟ್ಟು ಅಂಕ 70ಕ್ಕಿಂತ ಕಡಿಮೆಯಾದರೆ ಆಟಿಸಂ ಇಲ್ಲ, 70ರಿಂದ 106 ಅಲ್ಪ, 107ರಿಂದ 153 ಮಧ್ಯಮ, ಅದಕ್ಕೂ ಮೇಲಾದರೆ ತೀವ್ರ ಎಂದು ಎಣಿಸುತ್ತಾರೆ. ಆ ಸಂಖ್ಯೆಯನ್ನು ನೋಡಿ ಎದೆಗುಂದಬೇಡಿ, ಅದು ಆ ದಿನದ ಸ್ಥಿತಿ ಮಾತ್ರ. ಚಿಕ್ಕ ಮಕ್ಕಳಿಗೆ ಸಾಮಾನ್ಯವಾಗಿ ತಾತ್ಕಾಲಿಕ ಪ್ರಮಾಣಪತ್ರ ಕೊಟ್ಟು ಮುಂದೆ ಮತ್ತೆ ಪರೀಕ್ಷಿಸುತ್ತಾರೆ. ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿಯನ್ನು ಆನ್‌ಲೈನಿನಲ್ಲಿ ಹಾಕಬಹುದು. ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇದ್ದರೆ ಈ ಕೆಲಸದಲ್ಲಿ ನೆರವಾಗುವುದು ಅವರ ಹೊಣೆಯೇ.

1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆಯಡಿ ‘ನಿರಾಮಯ’ ಎಂಬ ಆರೋಗ್ಯ ವಿಮೆ ಇದೆ. ವರ್ಷಕ್ಕೆ 1 ಲಕ್ಷ ರೂಪಾಯಿಯವರೆಗೆ ರಕ್ಷಣೆ ಇದ್ದು, ಥೆರಪಿಯ ಖರ್ಚಿಗೂ ಅದರಲ್ಲಿ ಒಂದು ಮಿತಿಯವರೆಗೆ ಹಣ ಸಿಗುತ್ತದೆ. ಮೊದಲು ನಾವು ಕೊಟ್ಟು ಆಮೇಲೆ ಪಡೆಯಬೇಕಾದ್ದರಿಂದ ಪ್ರತಿ ರಸೀದಿಯನ್ನೂ ಜೋಪಾನ ಮಾಡಿ. ಪ್ರಮಾಣಪತ್ರದಲ್ಲಿ ಶೇಕಡಾ 40 ಅಥವಾ ಹೆಚ್ಚು ಎಂದಿದ್ದರೆ, ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಆದಾಯ ತೆರಿಗೆಯಲ್ಲಿ 75,000 ರೂಪಾಯಿ, ಶೇಕಡಾ 80 ಅಥವಾ ಹೆಚ್ಚಾಗಿದ್ದರೆ 1,25,000 ರೂಪಾಯಿ ಕಡಿತವಿದೆ. ಪ್ರಮಾಣಪತ್ರ ಮಾಡಿಸಿದರೆ ಮಗುವಿಗೆ ಹಣೆಪಟ್ಟಿ ಅಂಟುತ್ತದೆ ಎಂದು ಬಂಧುಗಳು ಹಿಂಜರಿಯುವುದನ್ನು ನೋಡಿದ್ದೇನೆ. ಅದು ನಿಮ್ಮ ಕಪಾಟಿನಲ್ಲಿರುವ ಕಾಗದ, ಬೇಕಾದಾಗ ಮಾತ್ರ ತೋರಿಸುವಂಥದ್ದು, ಮಗುವಿನ ಹಕ್ಕಿಗೆ ಆಧಾರ.

ಇನ್ನೊಂದು ಎಚ್ಚರಿಕೆ. ರೋಗನಿರ್ಣಯವಾದ ಸುದ್ದಿ ಹರಡುತ್ತಿದ್ದಂತೆ ವಾಟ್ಸ್‌ಆ್ಯಪ್‌ನಲ್ಲಿ ‘ಆಟಿಸಂ ಪೂರ್ತಿ ಗುಣ’ ಎಂಬ ಜಾಹೀರಾತುಗಳು ಬರತೊಡಗುತ್ತವೆ. ಸ್ಟೆಮ್ ಸೆಲ್ ಚಿಕಿತ್ಸೆಗೆ ಲಕ್ಷಗಟ್ಟಲೆ ಕೇಳುತ್ತಾರೆ, ಅದಕ್ಕಾಗಿ ತೋಟ ಅಡವಿಟ್ಟವರಿದ್ದಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ ರಕ್ತದ ಕಾಯಿಲೆ ಮುಂತಾದ ಕೆಲವಕ್ಕೆ ಮಾಡುವ ಅಸ್ಥಿಮಜ್ಜೆ ಕಸಿಯಂಥದ್ದಷ್ಟೇ ಒಪ್ಪಿತ ಸ್ಟೆಮ್ ಸೆಲ್ ಚಿಕಿತ್ಸೆ, ಆಟಿಸಂ ಅದರಲ್ಲಿ ಇಲ್ಲ. ದೇಹದಿಂದ ಲೋಹ ತೆಗೆಯುತ್ತೇವೆ ಎನ್ನುವ ಚೆಲೇಷನ್ ಮಗುವಿನ ಜೀವಕ್ಕೇ ಅಪಾಯ. ಲಸಿಕೆಯಿಂದ ಆಟಿಸಂ ಬಂತೆಂದು ಹೇಳಿದ 1998ರ ಲೇಖನವನ್ನು ಅದನ್ನು ಪ್ರಕಟಿಸಿದ ಲ್ಯಾನ್ಸೆಟ್ ಪತ್ರಿಕೆಯೇ 2010ರಲ್ಲಿ ಹಿಂದೆಗೆದುಕೊಂಡಿತು, ಆದ್ದರಿಂದ ಉಳಿದ ಲಸಿಕೆಗಳನ್ನು ತಪ್ಪಿಸಬೇಡಿ. ಆಟಿಸಂನ ಮೂಲ ಲಕ್ಷಣಗಳಿಗೆಂದು ಒಪ್ಪಿತವಾದ ಔಷಧವಿಲ್ಲ. ತೀವ್ರವಾದ ಸಿಡುಕು, ತನ್ನನ್ನೇ ಹೊಡೆದುಕೊಳ್ಳುವುದು ಇಂತಹವಕ್ಕೆ ಮನೋವೈದ್ಯರು ಕೆಲವು ಮಾತ್ರೆ ಕೊಡುವುದುಂಟು, ಅದು ಬೇರೆಯ ಮಾತು.

ಮುಂದೆ ಮಗ ದೊಡ್ಡವನಾದಾಗ ವಿಶೇಷ ಶಾಲೆ ಬೇಕೆನಿಸಿದರೆ ಸುಂಟಿಕೊಪ್ಪದ ‘ಸ್ವಸ್ಥ’ ಮತ್ತು ಪಾಲಿಬೆಟ್ಟದ ಚೆಷೈರ್ ಹೋಮ್ ನಮ್ಮ ಜಿಲ್ಲೆಯಲ್ಲಿಯೇ ಇವೆ. ಈಗಲೇ ಒಮ್ಮೆ ಹೋಗಿ ಅಲ್ಲಿಯ ಶಿಕ್ಷಕಿಯರನ್ನು ಮಾತನಾಡಿಸಿದರೆ ನಿಮಗೆ ಧೈರ್ಯ ಬರುತ್ತದೆ.

ಮತ್ತೆ: ಚೇರಂಬಾಣೆ ಕಡೆಯ ತಾಯಿ

ಇಷ್ಟು ವಿವರವಾಗಿ ಬರೆದ ನಿಮಗೆಲ್ಲ ಹೇಗೆ ಕೃತಜ್ಞತೆ ಹೇಳಲಿ ಎಂದು ತಿಳಿಯುತ್ತಿಲ್ಲ. ಎಲ್ಲ ಉತ್ತರಗಳನ್ನೂ ಯಜಮಾನರು ಅತ್ತೆಯವರಿಗೆ ಓದಿ ಹೇಳಿದರು. ಅರೆಭಾಷೆಯಲ್ಲಿಯೇ ಮಾತನಾಡಬಹುದು ಎಂದು ಕೇಳಿದ ಮೇಲೆ ಅವರ ಮುಖ ಗೆಲುವಾಯಿತು. ಈಗ ಮೊಮ್ಮಗನ ಪಕ್ಕ ಕೂತು ತಾವೂ ಸಾಲು ಜೋಡಿಸುತ್ತಾರೆ. ಮೈಸೂರಿನ ತಪಾಸಣೆಗೆ ಹೋಗಿ ಬರುವುದೆಂದೂ, ಮನೆ ಮಾಡುವುದು ಬೇಡವೆಂದೂ ತೀರ್ಮಾನಿಸಿದ್ದೇವೆ. ಕೆರೆಯ ಬೇಲಿಗೆ ಕಂಬ ತರಿಸಿದ್ದಾರೆ.

ಒಂದು ಸಂದೇಹ ಉಳಿದಿದೆ. ಮೂರು ತುಂಬುತ್ತಿದ್ದಂತೆ ಅಂಗನವಾಡಿಗೆ ಕಳುಹಿಸಬೇಕೆಂದಿದ್ದೇವೆ. ಆದರೆ ಮಾತು ಬಂದ ಮೇಲೆ ಕರೆತನ್ನಿ, ಇತರ ಮಕ್ಕಳಿಗೆ ತೊಂದರೆಯಾಗುತ್ತದೆ ಎಂಬ ಉತ್ತರ ಬಂದಿದೆ. ಒತ್ತಾಯ ಮಾಡಿ ಸೇರಿಸಿದರೆ ಮಗುವಿನ ಮೇಲೆ ಸಿಟ್ಟು ತೀರಿಸಿಕೊಂಡಾರು ಎಂಬ ಭಯ ನನಗೆ.

ಉತ್ತರ 4: ವಿಶೇಷ ಶಿಕ್ಷಕಿ, ಸೋಮವಾರಪೇಟೆ

ಅಮ್ಮಾ, ಮಾತು ಬಂದ ಮೇಲೆ ಅಂಗನವಾಡಿ ಎಂಬುದು ತಿರುವುಮುರುವಾದ ವಾದ. ಇತರ ಮಕ್ಕಳ ನಡುವೆ ಕೂರುವುದು ಮಾತಿಗೆ ಒಂದು ದಾರಿ. ವಿಕಲಚೇತನ ಮಕ್ಕಳನ್ನು ಅಂಗನವಾಡಿಯಲ್ಲಿ ಸೇರಿಸಿಕೊಳ್ಳುವ ಕ್ರಮವನ್ನು ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವೇ 2023ರ ನವೆಂಬರಿನಲ್ಲಿ ಹೊರಡಿಸಿದೆ. ಆದ್ದರಿಂದ ಇದು ಕಾರ್ಯಕರ್ತೆಯವರು ನಿಮಗೆ ಮಾಡುವ ಉಪಕಾರವಲ್ಲ. ಬೇಕಾದರೆ ವೃತ್ತದ ಮೇಲ್ವಿಚಾರಕಿಯವರನ್ನು ಕಾಣಬಹುದು. ಆದರೆ ಮೊದಲು ಆ ಬಾಗಿಲು ಬಡಿಯಬೇಡಿ. ಒಬ್ಬರೇ ಇಪ್ಪತ್ತು ಮಕ್ಕಳನ್ನು, ಅಡುಗೆಯನ್ನು, ದಾಖಲೆಗಳನ್ನು ನೋಡಿಕೊಳ್ಳುವ ಹೆಣ್ಣುಮಗಳಿಗೆ ಇರುವುದು ದ್ವೇಷವಲ್ಲ, ಈ ಮಗುವನ್ನು ಹೇಗೆ ಸಂಭಾಳಿಸುವುದು ಎಂಬ ಅಂಜಿಕೆ. ಅದನ್ನು ನೀವೇ ಕಡಿಮೆ ಮಾಡಬಹುದು.

ಆರಂಭದಲ್ಲಿ ದಿನಕ್ಕೆ ಅರ್ಧ ಗಂಟೆ ಮಾತ್ರ, ಅಜ್ಜಿಯೋ ನೀವೋ ಜೊತೆಯಲ್ಲಿದ್ದು ಕರೆದೊಯ್ಯುತ್ತೇವೆ ಎಂದು ಕೇಳಿ. ಮಕ್ಕಳೆಲ್ಲ ಬರುವುದಕ್ಕೆ ಮೊದಲು, ಕೋಣೆ ಶಾಂತವಾಗಿರುವಾಗ ಹೋಗುವುದು ಒಳ್ಳೆಯದು. ಅವನು ಒಪ್ಪಿಕೊಂಡಂತೆ ಹೊತ್ತನ್ನು ಹೆಚ್ಚಿಸಿ. ಗೋಡೆಗೆ ತಾಗಿದ, ಬಾಗಿಲಿನಿಂದ ದೂರವಿರುವ ಒಂದೇ ಜಾಗದಲ್ಲಿ ದಿನವೂ ಅವನ ಚಾಪೆ ಇರಲಿ. ಊಟಕ್ಕೆ ನೂಪುಟ್ಟನ್ನು ಮನೆಯಿಂದಲೇ ಕಳುಹಿಸಿ.

ಅದಕ್ಕಿಂತ ಮುಂಚೆ ಮಗುವನ್ನು ಕುರಿತು ಒಂದು ಪುಟದ ಪತ್ರ ಬರೆದುಕೊಡಿ. ರೋಗದ ವಿವರಣೆ ಅದರಲ್ಲಿ ಬೇಡ. ಅವನಿಗೆ ಯಾವುದು ಇಷ್ಟ, ಯಾವ ಸದ್ದಿಗೆ ಅಳುತ್ತಾನೆ, ನೀರು ಬೇಕಾದರೆ, ಮೂತ್ರ ಬಂದರೆ ಹೇಗೆ ತಿಳಿಸುತ್ತಾನೆ, ಅತ್ತಾಗ ಎತ್ತಿಕೊಂಡರೆ ಸಮಾಧಾನವಾಗುತ್ತದೆಯೋ ಅಥವಾ ಸುಮ್ಮನೆ ಬಿಟ್ಟರೆ ಸಮಾಧಾನವಾಗುತ್ತದೆಯೋ, ಹೊರಗೆ ಓಡುವ ಅಭ್ಯಾಸವಿದೆಯೋ, ತುರ್ತಿಗೆ ಯಾರಿಗೆ ಕರೆ ಮಾಡಬೇಕು ಎಂಬಿಷ್ಟು ಇರಲಿ. ನಿಮ್ಮ ಗೋಡೆಯ ಮೇಲಿನ ಚಿತ್ರಗಳಲ್ಲಿ ನೀರು ಮತ್ತು ಶೌಚಾಲಯದ ಚಿತ್ರಗಳ ಪ್ರತಿಯನ್ನೂ ಜೊತೆಗೆ ಕೊಡಿ. ಅಂಗನವಾಡಿ ಸಹಾಯಕಿಗೂ ಒಂದು ಪ್ರತಿ ಬೇಕು, ಮಕ್ಕಳನ್ನು ಕೈ ಹಿಡಿದು ಕರೆದೊಯ್ಯುವವರು ಹೆಚ್ಚಾಗಿ ಅವರೇ.

ಆರು ವರ್ಷ ತುಂಬಿದ ಮೇಲೆ ಶಾಲೆಯ ಮಾತು ಬರುತ್ತದೆ. ಪ್ರಮಾಣಪತ್ರದಲ್ಲಿ ಶೇಕಡಾ 40 ಅಥವಾ ಹೆಚ್ಚು ಎಂದಿರುವ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ನೆರೆಯ ಶಾಲೆಯಲ್ಲಿಯೋ ಅವರು ಬಯಸಿದ ವಿಶೇಷ ಶಾಲೆಯಲ್ಲಿಯೋ ಉಚಿತವಾಗಿ ಕಲಿಯುವ ಹಕ್ಕನ್ನು 2016ರ ಕಾಯ್ದೆಯೇ ಕೊಟ್ಟಿದೆ. ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಇಂತಹ ಮಕ್ಕಳಿಗೆಂದೇ ಸಂಪನ್ಮೂಲ ಶಿಕ್ಷಕರಿರುತ್ತಾರೆ. ಅಂಗನವಾಡಿಗೆ ಸೇರಿಸಿದ ಕೂಡಲೇ ಮಡಿಕೇರಿಯ ಕೇಂದ್ರಕ್ಕೆ ಹೋಗಿ ಮಗುವಿನ ಹೆಸರನ್ನು ಹೇಳಿಬನ್ನಿ, ಶಾಲೆಗೆ ಸೇರಿಸುವ ವರ್ಷ ಬಂದಾಗ ಅವರಿಗೆ ನೀವು ಹೊಸಬರಾಗಿರುವುದಿಲ್ಲ. ಪತ್ರ ಬರೆಯುವುದರಲ್ಲಿ ಏನಾದರೂ ತೊಡಕಾದರೆ ಇಲ್ಲಿಯೇ ಹಾಕಿ, ಮಗುವಿನ ಹೆಸರು ಮಾತ್ರ ಬೇಡ, ನಾನು ತಿದ್ದಿಕೊಡುತ್ತೇನೆ.